ಇಷ್ಟೇ ಜಾಗದಲ್ಲಿ ಇಷ್ಟೊಂದು ಜೀವಿಗಳು ಹೇಗೆ? ನಮ್ಮ ಕಾಡು, ಅಳಿವೆ, ಕಡಲತೀರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಉತ್ತರ ಕನ್ನಡದಲ್ಲಿ ಸಿದ್ದಾಪುರದ ಕಾಡಿಗೆ, ಹೊಳೆ ಕಡಲು ಸೇರುವ ಕುಮಟಾದ ಅಳಿವೆಗೆ, ಕಾರವಾರದ ಬಂಡೆಗಳ ಹತ್ತಿರ ಜನರನ್ನು ಕರೆದುಕೊಂಡು ಹೋದಾಗಲೆಲ್ಲ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಇಷ್ಟು ಜಾತಿಗಳು ಒಟ್ಟಿಗೆ ಹೇಗಿವೆ? ಬಲವಿದ್ದದ್ದು ಉಳಿದದ್ದನ್ನು ಓಡಿಸುವುದಿಲ್ಲವೇ? ಕೇಳುವವರು ಶಾಲೆ ಮಕ್ಕಳು, ತೋಟ ಮಾಡುವವರು, ಮೀನಿನ ಕೆಲಸದವರು, ರಜೆಗೆ ಊರಿಗೆ ಬಂದವರು. ಅವರಿಗೆ ನಿಂತಲ್ಲೇ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

‘ನೆಲೆ’ ಅಂದರೆ ಜೀವಿ ಇರುವ ಜಾಗ ತಾನೇ?

ಜಾಗ ಅದರ ಒಂದು ಭಾಗ ಅಷ್ಟೇ. ವಿಜ್ಞಾನಿಗಳು ‘ನಿಶ್’ ಎನ್ನುವುದನ್ನು ಇಲ್ಲಿ ನೆಲೆ ಎಂದು ಬರೆಯುತ್ತೇನೆ. ಒಂದು ಜೀವಿ ಏನು ತಿನ್ನುತ್ತದೆ, ಯಾವ ಹೊತ್ತಿಗೆ ತಿನ್ನುತ್ತದೆ, ಎಲ್ಲಿ ಮರಿ ಮಾಡುತ್ತದೆ, ಎಷ್ಟು ಬಿಸಿಲು, ಎಷ್ಟು ಉಪ್ಪು ತಡೆದುಕೊಳ್ಳುತ್ತದೆ, ತಾನು ಯಾರ ಬಾಯಿಗೆ ಬೀಳುತ್ತದೆ. ಇವೆಲ್ಲ ಸೇರಿದರೆ ಅದರ ನೆಲೆ.

ಶಿರಸಿ ಕಡೆಯವರಿಗೆ ಜೇನಿನ ಉದಾಹರಣೆ ಕೊಟ್ಟರೆ ಸಾಕು. ನಮ್ಮಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ಮಿಸ್ರಿ ನಾಲ್ಕೂ ಇವೆ. ನಾಲ್ಕಕ್ಕೂ ಬೇಕಾದದ್ದು ಹೂವಿನ ಮಕರಂದ, ಪರಾಗವೇ. ಆದರೆ ಹೆಜ್ಜೇನು ಎತ್ತರದ ಮರದ ಕೊಂಬೆಗೋ ಬಂಡೆಗೋ ಒಂದೇ ದೊಡ್ಡ ತಟ್ಟಿ ಕಟ್ಟುತ್ತದೆ, ಬಯಲಿಗೇ. ಕಾಲ ಬದಲಾದರೆ ಊರನ್ನೇ ಬಿಟ್ಟು ಹೋಗುತ್ತದೆ. ಬೆಳದಿಂಗಳಲ್ಲೂ ಹಾರಿ ಹೂವು ಹುಡುಕುತ್ತದೆ. ತುಡುವೆಗೆ ಕತ್ತಲು ಬೇಕು. ಮರದ ಪೊಟರೆಯಲ್ಲಿ, ಹುತ್ತದಲ್ಲಿ, ನಾವು ಇಟ್ಟ ಪೆಟ್ಟಿಗೆಯಲ್ಲಿ ಸಾಲಾಗಿ ಹಲವು ತಟ್ಟಿ ಕಟ್ಟುತ್ತದೆ. ಕೋಲುಜೇನಿಗೆ ಪೊದೆಯ ಒಂದು ಕಡ್ಡಿ ಸಿಕ್ಕರೆ ಆಯಿತು, ಅಂಗೈ ಅಗಲದ ತಟ್ಟಿ. ಮಿಸ್ರಿಯಂತೂ ಹಳೆ ಮಣ್ಣಿನ ಗೋಡೆಯ ಬಿರುಕಿನಲ್ಲಿ ಸೇರಿಕೊಂಡು, ಮೇಣದ ಸಣ್ಣ ನಳಿಗೆಯ ಬಾಗಿಲು ಮಾಡಿಕೊಳ್ಳುತ್ತದೆ. ಅದರ ಮೈ ಕೆಲವೇ ಮಿಲಿಮೀಟರ್. ಹಾಗಾಗಿ ಉಳಿದವಕ್ಕೆ ಆಗದ ಚಿಕ್ಕ ಹೂವಿಗೂ ಅದು ನುಗ್ಗುತ್ತದೆ. ಊರು ಒಂದೇ, ಮೇವು ಹೆಚ್ಚು ಕಡಿಮೆ ಒಂದೇ, ನೆಲೆ ಮಾತ್ರ ನಾಲ್ಕು.

ಈ ವಿಚಾರವನ್ನು ಅಮೆರಿಕದ ಜೋಸೆಫ್ ಗ್ರಿನ್ನೆಲ್ 1917ರಲ್ಲಿ ಒಂದು ಹಕ್ಕಿಯ ಬಗ್ಗೆ ಬರೆಯುತ್ತ ಮುಂದಿಟ್ಟರು. ಅವರ ಗಮನ ಹೆಚ್ಚಾಗಿ ಆ ಹಕ್ಕಿಗೆ ಎಂಥ ಪರಿಸರ ಬೇಕು ಎಂಬುದರ ಮೇಲಿತ್ತು. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1927ರಲ್ಲಿ ಜೀವಿ ಅಲ್ಲಿ ಏನು ಕೆಲಸ ಮಾಡುತ್ತದೆ, ಯಾರನ್ನು ತಿನ್ನುತ್ತದೆ ಎಂಬುದಕ್ಕೆ ಒತ್ತು ಕೊಟ್ಟರು. 1957ರಲ್ಲಿ ಜಿ. ಇ. ಹಚಿನ್ಸನ್ ಎರಡನ್ನೂ ಸೇರಿಸಿ, ಶಾಖ, ತೇವ, ಉಪ್ಪು, ಆಹಾರದ ಗಾತ್ರ ಹೀಗೆ ಒಂದೊಂದನ್ನೂ ಒಂದು ಅಳತೆ ಎಂದುಕೊಂಡರೆ, ಎಲ್ಲ ಅಳತೆಗಳ ನಡುವೆ ಆ ಜೀವಿ ಬದುಕಬಲ್ಲ ವ್ಯಾಪ್ತಿಯೇ ಅದರ ನೆಲೆ ಎಂದರು. ಇಂದಿಗೂ ಹೆಚ್ಚಿನವರು ನೆಚ್ಚಿಕೊಂಡಿರುವುದು ಇದನ್ನೇ.

ವೈವಿಧ್ಯ ಅಂದರೆ ಎಷ್ಟು ಜಾತಿ ಇವೆ ಎಂಬ ಲೆಕ್ಕವೇ?

ಲೆಕ್ಕ ಬೇಕು, ಆದರೆ ಅಷ್ಟರಿಂದಲೇ ಆಗುವುದಿಲ್ಲ. ಎರಡು ತೋಪು ಇವೆ ಎಂದುಕೊಳ್ಳಿ. ಎರಡರಲ್ಲೂ ನೂರು ಮರ, ಹತ್ತು ಜಾತಿ. ಒಂದರಲ್ಲಿ ಪ್ರತಿ ಜಾತಿಯ ಹತ್ತು ಮರ. ಇನ್ನೊಂದರಲ್ಲಿ ತೊಂಬತ್ತೊಂದು ಅಕೇಶಿಯಾ, ಉಳಿದ ಒಂಬತ್ತು ಜಾತಿಯದ್ದು ಒಂದೊಂದೇ ಮರ. ಪಟ್ಟಿ ಬರೆದರೆ ಎರಡೂ ಸಮ. ಒಳಗೆ ಹೋಗಿ ನಿಂತರೆ ಎರಡೂ ಒಂದೇ ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ಜಾತಿಗಳ ಸಂಖ್ಯೆಯ ಜೊತೆ, ಅವು ಎಷ್ಟು ಸಮವಾಗಿ ಹಂಚಿಕೊಂಡಿವೆ ಎಂಬುದನ್ನೂ ನೋಡುತ್ತಾರೆ. ಶ್ಯಾನನ್ ಸೂಚ್ಯಂಕ ಎಂದು ಕಾಲೇಜಿನಲ್ಲಿ ಲೆಕ್ಕ ಮಾಡಿಸುವುದು ಇವೆರಡನ್ನೂ ಒಂದೇ ಅಂಕಿಯಲ್ಲಿ ಹಿಡಿಯಲಿಕ್ಕೆ.

ಇನ್ನೊಂದು ಮಾತು. ಒಂದು ಹಳ್ಳದೊಳಗಿನ ವೈವಿಧ್ಯ ಬೇರೆ, ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋದಾಗ ಜೀವಿಗಳು ಎಷ್ಟು ಬದಲಾಗುತ್ತವೆ ಎಂಬುದು ಬೇರೆ. ಉತ್ತರ ಕನ್ನಡದ ದೊಡ್ಡತನ ಈ ಎರಡನೆಯದರಲ್ಲಿದೆ. ಕಾರವಾರದ ಬಂಡೆ, ಕುಮಟಾದ ಗಜನಿ (ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಘಟ್ಟದ ಇಳುಕಲು, ಶಿರಸಿಯ ಬೆಟ್ಟ, ಹಳಿಯಾಳ ಕಡೆಯ ಎಲೆ ಉದುರುವ ಕಾಡು, ಎಲ್ಲವೂ ಒಂದೇ ಜಿಲ್ಲೆಯೊಳಗೆ ಸಿಗುತ್ತವೆ.

ಒಂದೇ ನೆಲೆಯಲ್ಲಿ ಎರಡು ಜಾತಿ ಇರಲು ಸಾಧ್ಯವೇ ಇಲ್ಲವೇ?

ಬಹಳ ದಿನ ಇರಲಾರವು ಎಂಬುದು ಹಳೆಯ ನಿಯಮ. ರಷ್ಯಾದ ಜಿ. ಎಫ್. ಗಾಸ್ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಗಾಜಿನ ನಳಿಕೆಗಳಲ್ಲಿ ಬೆಳೆಸಿ, 1934ರಲ್ಲಿ ಪುಸ್ತಕ ಪ್ರಕಟಿಸಿದರು. ಎರಡು ಜಾತಿಯನ್ನು ಬೇರೆ ಬೇರೆ ಬೆಳೆಸಿದರೆ ಎರಡೂ ಚೆನ್ನಾಗಿ ಬೆಳೆದವು. ಒಟ್ಟಿಗೆ ಹಾಕಿ ಒಂದೇ ಆಹಾರ ಕೊಟ್ಟಾಗ ಒಂದು ಉಳಿಯಿತು, ಇನ್ನೊಂದು ಕರಗುತ್ತಾ ಹೋಯಿತು. ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತದೆ. ನನಗೆ ಹೆಚ್ಚು ಮುಖ್ಯ ಅನಿಸುವುದು ಅದರ ಮುಂದಿನ ಭಾಗ. ಸೋತ ಜಾತಿಯನ್ನೇ ಮೂರನೆಯ ಒಂದು ಜಾತಿಯ ಜೊತೆ ಹಾಕಿದಾಗ ಎರಡೂ ಉಳಿದುಕೊಂಡವು! ಒಂದು ನಳಿಕೆಯ ಮೇಲ್ಭಾಗದಲ್ಲಿ ತೇಲುವ ಬ್ಯಾಕ್ಟೀರಿಯಾ ತಿಂದಿತು, ಇನ್ನೊಂದು ತಳದಲ್ಲಿ ಕೂತ ಯೀಸ್ಟ್ ತಿಂದಿತು. ಒಂದು ನಳಿಕೆಯಷ್ಟು ನೀರಿನಲ್ಲೂ ಮೇಲೆ, ಕೆಳಗೆ ಎಂಬ ವ್ಯತ್ಯಾಸ ಇದ್ದರೆ ಇಬ್ಬರಿಗೆ ಜಾಗ ಆಗುತ್ತದೆ ಎಂದಾಯಿತು ಅಲ್ವಾ?

ಹಾಗಾದರೆ ನಮ್ಮ ಕಾಡಿನಲ್ಲಿ ಮೂರು ಜಾತಿಯ ಮಂಗ ಹೇಗಿವೆ?

ಸಿಂಗಳೀಕ, ಮುಸ್ಯಾ, ಸಾಮಾನ್ಯ ಮಂಗ. ಮೂರೂ ಮರ ಹತ್ತುತ್ತವೆ, ಮೂರೂ ಹಣ್ಣು ತಿನ್ನುತ್ತವೆ. ದೂರದಿಂದ ನೋಡಿದರೆ ಜಗಳ ಆಗಲೇಬೇಕು ಅನಿಸುತ್ತದೆ.

ಹೊಟ್ಟೆಯಿಂದ ಶುರು ಮಾಡೋಣ. ಮುಸ್ಯಾನ ಹೊಟ್ಟೆಯಲ್ಲಿ ಹಲವು ಕೋಣೆಗಳಿವೆ. ಅಲ್ಲಿ ಬ್ಯಾಕ್ಟೀರಿಯಾಗಳು ಎಲೆಯನ್ನು ಕೊಳೆಸಿ ಕರಗಿಸುತ್ತವೆ. ಹಾಗಾಗಿ ಬಲಿತ ಎಲೆ ತಿಂದೂ ಅದು ಬದುಕುತ್ತದೆ. ಸಿಂಗಳೀಕಕ್ಕೆ ಆ ಅನುಕೂಲ ಇಲ್ಲ. ಅದಕ್ಕೆ ವರ್ಷವಿಡೀ ಹಣ್ಣು ಬೇಕು, ಹುಳುಹುಪ್ಪಟೆ ಬೇಕು. ಅದು ಮರದ ನೆತ್ತಿಯಲ್ಲೇ ದಿನ ಕಳೆಯುತ್ತದೆ. ತೊಗಟೆ ಕೀಳುತ್ತದೆ, ಒಣಗಿದ ಎಲೆಯ ಸುರುಳಿ ಬಿಚ್ಚುತ್ತದೆ, ಪೊಟರೆಗೆ ಕೈ ಹಾಕುತ್ತದೆ. ಒಳಗೆ ಮಿಡತೆಯೋ ಜೇಡವೋ ಇದ್ದರೆ ಎತ್ತಿ ಬಾಯಿಗೆ. ಸಾಮಾನ್ಯ ಮಂಗಕ್ಕೆ ನೆಲವೂ ಆದೀತು, ಕಾಡಂಚೂ ಆದೀತು, ನಮ್ಮ ತೋಟ, ದೇವಸ್ಥಾನ, ರಸ್ತೆ ಬದಿಯೂ ಆದೀತು. ಸಿಕ್ಕಿದ್ದನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಓಡುತ್ತದೆ.

ಹಲಸಿನ ಕಾಲದಲ್ಲಿ ಮೂರೂ ಒಂದೇ ಕಡೆ ಕಂಡರೆ ಆಶ್ಚರ್ಯಪಡಬೇಡಿ. ಹಣ್ಣು ಜಾಸ್ತಿ ಇದ್ದಾಗ ಹಂಚಿಕೊಳ್ಳುವುದು ಕಷ್ಟವಲ್ಲ. ಹಣ್ಣು ಕಡಿಮೆಯಾದಾಗ ಪ್ರತಿಯೊಂದೂ ತನಗೆ ಮಾತ್ರ ಒಗ್ಗುವ ಕಡೆ ಸರಿಯುತ್ತದೆ. ನೆಲೆಯ ವ್ಯತ್ಯಾಸ ಕೆಲಸಕ್ಕೆ ಬರುವುದು ಆಗ. ಮುಸ್ಯಾ ಎಲೆಗೆ, ಮಂಗ ಊರಿಗೆ. ಸಿಂಗಳೀಕಕ್ಕೆ ಮಾತ್ರ ಬೇರೆ ದಾರಿ ಇಲ್ಲ, ದಟ್ಟ ಹಸಿರು ಕಾಡೇ ಬೇಕು. ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡು ಸಿಂಗಳೀಕಗಳ ವ್ಯಾಪ್ತಿಯ ಉತ್ತರದ ತುದಿ. 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಿಂಗಳೀಕ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದು ಬಹಳ ಒಳ್ಳೆಯ ಕೆಲಸ. ‘ಮಂಗ ಎಲ್ಲ ಕಡೆ ಇದೆಯಲ್ಲ’ ಎನ್ನುವವರಿಗೆ ಇಷ್ಟು ಹೇಳಬೇಕು: ಇರುವುದು ಎಲ್ಲಿಯಾದರೂ ಬದುಕುವ ಮಂಗ. ಒಂದೇ ಕಡೆ ಬದುಕುವ ಮಂಗ ಬೇರೆ.

ಅಳಿವೆಯಲ್ಲಿ ಮಿಂಚುಳ್ಳಿಗಳೇ ನಾಲ್ಕೈದು ಬಗೆ. ಎಲ್ಲ ಮೀನನ್ನೇ ತಿನ್ನುತ್ತವಲ್ಲ?

ಎಲ್ಲವೂ ಅಲ್ಲ. ಬಿಳಿ ಎದೆಯ ಮಿಂಚುಳ್ಳಿ ನೀರಿಲ್ಲದ ಗದ್ದೆಯಲ್ಲೂ ಮಿಡತೆ, ಓತಿಕ್ಯಾತ ಹಿಡಿದು ಬದುಕುತ್ತದೆ. ಕಪ್ಪು ತಲೆಯದ್ದು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಏಡಿಯನ್ನೂ ಹಿಡಿಯುತ್ತದೆ. ಕಪ್ಪು-ಬಿಳಿ ಮಿಂಚುಳ್ಳಿ ಕೂರಲು ಕೊಂಬೆ ಇಲ್ಲದ ತೆರೆದ ನೀರಿನ ಮೇಲೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತು, ಅಲ್ಲಿಂದಲೇ ಧುಮುಕುತ್ತದೆ. ದೊಡ್ಡ ಕೆಂಪು ಕೊಕ್ಕಿನದ್ದು ನೆರಳಿನ ಹೊಳೆಬದಿಯಲ್ಲಿ ದೊಡ್ಡ ಮೀನಿಗೆ ಕಾಯುತ್ತದೆ. ಪುಟ್ಟ ನೀಲಿಯದಕ್ಕೆ ಚಿಕ್ಕ ಮೀನು ಸಾಕು.

ಇಳಿತದಲ್ಲಿ ಕೆಸರಿನ ಮೇಲೆ ನಡೆಯುವ ವಲಸೆ ಹಕ್ಕಿಗಳದ್ದೂ ಇದೇ ಕಥೆ. ಕೊಕ್ಕು ಚಿಕ್ಕದಿದ್ದರೆ ಮೇಲ್ಮೈಯ ಹುಳು, ಉದ್ದ ಬಾಗಿದ್ದರೆ ಆಳದ ಬಿಲದೊಳಗಿನ ಹುಳು, ಏಡಿ. 1958ರಲ್ಲಿ ರಾಬರ್ಟ್ ಮೆಕಾರ್ಥರ್ ಅಮೆರಿಕದ ಸ್ಪ್ರೂಸ್ ಮರಗಳಲ್ಲಿ ಐದು ಜಾತಿಯ ಪುಟ್ಟ ಹಕ್ಕಿಗಳು ಒಂದೇ ಮರದ ನೆತ್ತಿ, ಹೊರಗಿನ ತುದಿ, ಒಳಗಿನ ಕೊಂಬೆ ಎಂದು ಹಂಚಿಕೊಂಡು ಹುಳ ಹುಡುಕುವುದನ್ನು ತೋರಿಸಿದ್ದರು. ನಾವು ಅಘನಾಶಿನಿ ಅಳಿವೆಯ ತದಡಿ ಕಡೆ ಹೋಗಿ ದುರ್ಬೀನು ಹಿಡಿದರೆ ಸಾಕು, ಅದೇ ಪಾಠ ಕೆಸರಿನಲ್ಲಿ ಸಿಗುತ್ತದೆ.

ಕಾರವಾರದ ಬಂಡೆಗಳ ಮೇಲೆ ಚಿಪ್ಪುಗಳು ಪಟ್ಟೆ ಪಟ್ಟೆಯಾಗಿ ಇರುವುದು ಯಾಕೆ?

ಇಳಿತ ಪೂರ್ತಿ ಆದಾಗ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ. ತೀರಾ ಮೇಲೆ, ತುಂತುರು ಮಾತ್ರ ತಾಗುವ ಕಡೆ ಕಾಳಿನ ಗಾತ್ರದ ಬಸವನಹುಳುಗಳು. ಅದರ ಕೆಳಗೆ ಕಾಲು ಕೊಯ್ಯುವ ಚೂಪು ಸುಣ್ಣದ ಬಾರ್ನಕಲ್‌ಗಳು. ಇನ್ನೂ ಕೆಳಗೆ ಸಿಂಪಿ, ಪಾಚಿ.

ಮೇಲಿನ ಗಡಿಯನ್ನು ಹೆಚ್ಚಾಗಿ ಬಿಸಿಲು ಹಾಕುತ್ತದೆ, ಕೆಳಗಿನ ಗಡಿಯನ್ನು ನೆರೆಯವರು ಹಾಕುತ್ತಾರೆ. ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ತೀರದಲ್ಲಿ ಇದನ್ನು ಕೈಯಾರೆ ಪರೀಕ್ಷೆ ಮಾಡಿ 1961ರಲ್ಲಿ ಬರೆದರು. ಅಲ್ಲಿ ಎರಡು ಜಾತಿಯ ಬಾರ್ನಕಲ್ ಇದ್ದವು, ಒಂದು ಮೇಲಿನ ಪಟ್ಟೆಯಲ್ಲಿ, ಇನ್ನೊಂದು ಕೆಳಗೆ. ಕೆಳಗಿನದ್ದನ್ನು ಕೆರೆದು ತೆಗೆದಾಗ ಮೇಲಿನ ಜಾತಿ ಕೆಳಗೂ ಚೆನ್ನಾಗಿಯೇ ಬೆಳೆಯಿತು. ಅಂದರೆ ಅದಕ್ಕೆ ಅಲ್ಲಿ ಬದುಕುವ ಶಕ್ತಿ ಇತ್ತು, ನೆರೆಯ ಜಾತಿ ಮೇಲೆ ಬೆಳೆದು ಒತ್ತಿ ಕಿತ್ತುಹಾಕುತ್ತಿತ್ತು ಅಷ್ಟೇ. ಕೆಳಗಿನ ಜಾತಿಗೆ ಮಾತ್ರ ಮೇಲಿನ ಒಣ ಬಿಸಿಲು ತಡೆಯಲು ಆಗಲಿಲ್ಲ.

ಒಂದು ಜೀವಿ ಬದುಕಬಲ್ಲ ನೆಲೆ ದೊಡ್ಡದು, ಅದಕ್ಕೆ ನಿಜವಾಗಿ ದಕ್ಕುವ ನೆಲೆ ಚಿಕ್ಕದು ಎಂಬುದು ಇದರಿಂದ ಗೊತ್ತಾಯಿತು. ಯಾವುದೋ ಜೀವಿ ಇಂಥಲ್ಲೇ ಇದೆ ಎಂದ ಮಾತ್ರಕ್ಕೆ ಅದಕ್ಕೆ ಅದೇ ಇಷ್ಟ ಎಂದು ಹೇಳಲಾಗದು.

ಬಳಚು (ಕೆಸರಿನಲ್ಲಿರುವ, ತಿನ್ನುವ ಚಿಪ್ಪು) ಒಂದು ಹೊಳೆಯಲ್ಲಿ ರಾಶಿ, ಇನ್ನೊಂದರಲ್ಲಿ ಕಡಿಮೆ. ಯಾಕೆ?

ಉಪ್ಪು. ಮಳೆಗಾಲದಲ್ಲಿ ಅಳಿವೆ ಹೆಚ್ಚು ಕಡಿಮೆ ಸಿಹಿಯಾಗುತ್ತದೆ. ಮೇ ತಿಂಗಳಿಗೆ ಸಮುದ್ರದಷ್ಟೇ ಉಪ್ಪು. ಜಾಗ ನೋಡಿದರೂ ಹಾಗೆಯೇ, ಬಾಯಿಯ ಹತ್ತಿರ ಉಪ್ಪು ಜಾಸ್ತಿ, ಮೇಲೆ ಹೋದಂತೆ ಕಡಿಮೆ. ಈ ಇಳಿಜಾರಿನ ಮೇಲೆ ಚಿಪ್ಪುಗಳು ಹಂಚಿಕೊಂಡಿವೆ. ಪಾಫಿಯಾ ಎಂಬ ಜಾತಿ ಸಮುದ್ರದ ಕಡೆ, ಮೆರೆಟ್ರಿಕ್ಸ್ ನಡುವೆ, ಕಪ್ಪು ಚಿಪ್ಪಿನ ವಿಲೋರಿಟಾ ಸಿಹಿನೀರಿನ ಕಡೆ. ಕಾಂಡ್ಲಾ ಗಿಡಗಳೂ ಹೀಗೆಯೇ. ರೈಜೋಫೊರಾ ಬೇರಿನಲ್ಲೇ ಹೆಚ್ಚಿನ ಉಪ್ಪನ್ನು ತಡೆಯುತ್ತದೆ. ಅವಿಸೀನಿಯಾ ಒಳಗೆ ಬಿಟ್ಟುಕೊಂಡು ಎಲೆಯಿಂದ ಹೊರಹಾಕುತ್ತದೆ. ಬೇಸಿಗೆಯಲ್ಲಿ ಅದರ ಎಲೆಯನ್ನು ಸುಮ್ನೆ ನಾಲಿಗೆಗೆ ತಾಗಿಸಿ ನೋಡಿ, ಉಪ್ಪಿನ ಹರಳು ಸಿಗುತ್ತದೆ.

ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ ಅಣೆಕಟ್ಟಿಲ್ಲದೆ ಕಡಲು ಸೇರುತ್ತದೆ. ಅದರ ಉಪ್ಪಿನ ಏರಿಳಿತ ಹಿಂದಿನಂತೆಯೇ ನಡೆದಿದೆ. ಪಕ್ಕದ ಶರಾವತಿಯಲ್ಲಿ ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಬರುತ್ತದೆ. ಅಳಿವೆ ವರ್ಷವಿಡೀ ಸಪ್ಪೆ. ಉಪ್ಪು ಬೇಡುವ ಚಿಪ್ಪು, ಮೀನುಗಳಿಗೆ ಅಲ್ಲಿ ನೆಲೆ ಕಿರಿದಾಗಿದೆ. ಯಾರೂ ಹೋಗಿ ಬಳಚನ್ನು ಕೊಲ್ಲಲಿಲ್ಲ. ನೀರು ಒಂದೇ ರುಚಿಯದಾಯಿತು, ಅಷ್ಟೇ ಸಾಕಾಯಿತು. ಒಂದು ಜಾಗದಲ್ಲಿ ವೈವಿಧ್ಯ ಉಳಿಯಬೇಕಾದರೆ ಅಲ್ಲಿನ ಏರುಪೇರು ಉಳಿಯಬೇಕು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಆ ಗೌರವ ನಿಲ್ಲುವುದು ಮೇಲಿನಿಂದ ನೀರು ತನ್ನ ಕಾಲಕ್ಕೆ ತಾನು ಬಂದರೆ ಮಾತ್ರ.

ಗಜನಿಯ ಕಗ್ಗ ಭತ್ತವೂ ಇದೇ ಏರುಪೇರಿನ ಕೂಸು. ಮಳೆ ಉಪ್ಪನ್ನು ತೊಳೆದ ತಿಂಗಳುಗಳಲ್ಲಿ ಎತ್ತರಕ್ಕೆ ಬೆಳೆದು, ನೆರೆ ಬಂದರೂ ನಿಂತು, ಉಳಿದ ಉಪ್ಪನ್ನೂ ತಡೆದುಕೊಳ್ಳುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು, ಸಿಗಡಿ, ಮೀನು.

ಹಿಡಿದು ತಿನ್ನುವ ಪ್ರಾಣಿ ಇದ್ದರೆ ಜಾತಿಗಳು ಕಡಿಮೆಯಾಗಬೇಕಲ್ಲ?

ಎಷ್ಟೋ ಸಲ ಅದರ ಉಲ್ಟಾ ಆಗುತ್ತದೆ. ರಾಬರ್ಟ್ ಪೇನ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ಒಂದು ತುಂಡು ಬಂಡೆಯಿಂದ ನಕ್ಷತ್ರಮೀನುಗಳನ್ನು ತೆಗೆಯುತ್ತಲೇ ಹೋದರು. 1966ರಲ್ಲಿ ಅವರು ಬರೆದಂತೆ, ಹದಿನೈದು ಜಾತಿ ಇದ್ದಲ್ಲಿ ಎಂಟಕ್ಕೆ ಇಳಿಯಿತು. ನಕ್ಷತ್ರಮೀನು ತಿನ್ನುತ್ತಿದ್ದ ಕಲ್ಲುಚಿಪ್ಪು ಬಂಡೆಯನ್ನೆಲ್ಲ ಆಕ್ರಮಿಸಿಕೊಂಡಿತು. ಗೆಲ್ಲುವವನನ್ನು ಯಾರೋ ಹಿಡಿದಿಟ್ಟರೆ ಸೋಲುವವರಿಗೂ ಜಾಗ ಸಿಗುತ್ತದೆ.

ಒಂದೇ ಹಳ್ಳದ ಕಪ್ಪೆಗಳು?

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಹಳ್ಳಗಳಲ್ಲಿ ಇರುಳುಗಪ್ಪೆಗಳ ಒಂದಕ್ಕಿಂತ ಹೆಚ್ಚು ಜಾತಿ ಒಟ್ಟಿಗಿವೆ. ಅವುಗಳಲ್ಲಿ ಒಂದು ಕುಂಬಾರ ಕಪ್ಪೆ, 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು. ನೀರಿನ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆ ಅಂಟಿಸಿದ ಮೇಲೆ ಗಂಡು ಹಳ್ಳದಿಂದ ಮುಂಗೈಯಲ್ಲಿ ಕೆಸರು ಎತ್ತುತ್ತದೆ. ಹಿಂಗಾಲ ಮೇಲೆ ನಿಂತು ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಇಳಿದು ಮತ್ತೆ ತರುತ್ತದೆ, ಮೊಟ್ಟೆ ಕಾಣದಷ್ಟು ಮುಚ್ಚುವವರೆಗೆ. ಅದೇ ಹಳ್ಳದ ಬಂಧು ಕಪ್ಪೆ ಬಾಗಿದ ಎಲೆಯ ಮೇಲೆ ಮೊಟ್ಟೆ ಇಟ್ಟು, ಕೆಸರಿನ ಗೊಡವೆಗೇ ಹೋಗುವುದಿಲ್ಲ. ತಿನ್ನುವುದರಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೂ ಮೊಟ್ಟೆ ಇಡುವ ಕಡೆ ಬೇರೆಯಾಗಿರುತ್ತದೆ.

ಮರಗಳಿಗೆಲ್ಲ ಬೇಕಾದದ್ದು ಬಿಸಿಲು, ನೀರು, ಮಣ್ಣು. ಹಾಗಿದ್ದೂ ಕಾನಿನಲ್ಲಿ (ದಟ್ಟ ಹಸಿರು ಕಾಡಿನಲ್ಲಿ) ಇಷ್ಟು ಜಾತಿ ಹೇಗೆ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಮತ್ತು ಒಂದೇ ಉತ್ತರ ಇಲ್ಲ.

ಕೆಲವು ಕಡೆ ನೆಲೆಯ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ವರ್ಷವಿಡೀ ನೀರು ನಿಂತ ಕೆಸರು. ಮಾಮೂಲಿ ಮರದ ಬೇರಿಗೆ ಅಲ್ಲಿ ಉಸಿರು ಕಟ್ಟುತ್ತದೆ. ಕಾಡು ರಾಮಪತ್ರೆಯ ಜಾತಿಗಳು ಮೊಣಕಾಲು ಮಡಚಿದಂತೆ ಬೇರನ್ನು ನೆಲದಿಂದ ಮೇಲೆ ಎತ್ತಿ ಗಾಳಿ ಪಡೆಯುತ್ತವೆ. ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ಇಂಥ ಜಡ್ಡಿಯಿಂದಲೇ 2000ದಲ್ಲಿ ವಿವರಿಸಿದರು. ಜಡ್ಡಿಯ ನೀರನ್ನು ತೋಟಕ್ಕೆ ತಿರುಗಿಸಿದರೆ ಆ ಮರಕ್ಕೆ ಹೋಗಲು ಬೇರೆ ಜಾಗ ಇಲ್ಲ.

ಎರಡನೆಯದು ಶತ್ರುಗಳ ಪಾತ್ರ. ತಾಯಿಮರದ ಬುಡದಲ್ಲಿ ಬಿದ್ದ ಬೀಜಕ್ಕೆ ಅದೇ ಜಾತಿಯ ಹುಳು, ಬೂಷ್ಟು ಕಾದಿರುತ್ತವೆ. ದೂರ ಹೋದ ಬೀಜ ಉಳಿಯುತ್ತದೆ. ಹಾಗಾಗಿ ಒಂದೇ ಜಾತಿ ಒಂದೇ ಕಡೆ ಗುಂಪಾಗಲು ಆಗುವುದಿಲ್ಲ. 1970ರಲ್ಲಿ ಡೇನಿಯಲ್ ಜಾನ್ಜೆನ್, ಮರುವರ್ಷ ಮೇಲೆ ಹೇಳಿದ ಕಾನೆಲ್ ಇದನ್ನು ಬೇರೆ ಬೇರೆಯಾಗಿ ಹೇಳಿದರು.

ಮೂರನೆಯದು, 2001ರಲ್ಲಿ ಸ್ಟೀಫನ್ ಹಬೆಲ್ ಪುಸ್ತಕವಾಗಿ ತಂದ ವಾದ. ಮರಗಳು ಹೆಚ್ಚು ಕಡಿಮೆ ಸಮಾನರು, ಯಾವುದು ಹೆಚ್ಚಾಗುತ್ತದೆ, ಯಾವುದು ಅಳಿಯುತ್ತದೆ ಎಂಬುದು ಬಹಳಷ್ಟು ಆಕಸ್ಮಿಕ ಎಂದರು ಅವರು. ನೆಲೆಯ ವಿಚಾರವನ್ನೇ ಪಕ್ಕಕ್ಕಿಟ್ಟ ಈ ವಾದ ದೊಡ್ಡ ಚರ್ಚೆ ಎಬ್ಬಿಸಿತು. ಆಕಸ್ಮಿಕಕ್ಕೆ ಪಾಲು ಇದೆ, ಒಪ್ಪುತ್ತೇನೆ. ಜಡ್ಡಿಯ ಮೊಣಕಾಲು ಬೇರುಗಳ ನಡುವೆ ನಿಂತಾಗ ಮಾತ್ರ ಎಲ್ಲ ಮರವೂ ಸಮಾನ ಎಂದು ನಂಬುವುದು ನನಗೆ ಆಗುವುದಿಲ್ಲ.

ನಮ್ಮ ಅಡಿಕೆ ತೋಟದಲ್ಲೂ ಇದೇ ಲೆಕ್ಕ ಇದೆಯೇ?

ಸ್ವಲ್ಪ ಮಟ್ಟಿಗೆ ಇದೆ. ಅಡಿಕೆ ಮೇಲಿನ ಬಿಸಿಲು ಹಿಡಿಯುತ್ತದೆ, ಕಾಳುಮೆಣಸು ಅದರ ಕಂಬ ಹತ್ತುತ್ತದೆ, ಬಾಳೆ ನಡುವೆ, ಏಲಕ್ಕಿ ನೆರಳಲ್ಲಿ. ಒಂದೇ ಎಕರೆಯಲ್ಲಿ ಬೆಳಕನ್ನು ಮಹಡಿ ಮಹಡಿಯಾಗಿ ಬಳಸಿದ್ದಾರೆ ಹಿರಿಯರು. ಆದರೆ ತೋಟ ನಿಂತಿರುವುದು ಬೆಟ್ಟದಿಂದ ಗೊಬ್ಬರಕ್ಕೆ ತರುವ ಸೊಪ್ಪಿನ ಮೇಲೆ, ನಮ್ಮ ಕೆಲಸದ ಮೇಲೆ. ಬೆಟ್ಟ ಬೋಳಾದರೆ ತೋಟದ ಮಹಡಿಗಳೂ ಉಳಿಯುವುದಿಲ್ಲ.

ಅಕೇಶಿಯಾ ತೋಪೂ ಹಸಿರೇ ಅಲ್ವಾ?

ಹಸಿರು ಹೌದು. ಒಂದೇ ವಯಸ್ಸಿನ, ಒಂದೇ ಎತ್ತರದ, ಪೊಟರೆಯಿಲ್ಲದ ಹಸಿರು. ದೊಡ್ಡ ಕೊಕ್ಕಿನ ಹಕ್ಕಿ ಮಂಗಟ್ಟೆಯನ್ನೇ ತೆಗೆದುಕೊಳ್ಳಿ. ಹೆಣ್ಣು ಹಳೆ ಮರದ ಪೊಟರೆಯೊಳಗೆ ಹೊಕ್ಕು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಬಿಡುತ್ತದೆ. ಗಂಡು ವಾರಗಟ್ಟಲೆ ಆ ಸೀಳಿನಿಂದ ಹಣ್ಣು ಕೊಡುತ್ತದೆ. ದಾಂಡೇಲಿ ಕಡೆ ನಾಲ್ಕು ಜಾತಿಯ ಮಂಗಟ್ಟೆಗಳಿವೆ, ನಾಲ್ಕಕ್ಕೂ ಪೊಟರೆ ಬೇಕು. ದೊಡ್ಡ ಮಂಗಟ್ಟೆಗೆ ದೊಡ್ಡ ಪೊಟರೆ, ಅಂದರೆ ಬಹಳ ಹಳೆಯ ದೊಡ್ಡ ಮರ. ಅಂಥ ಮರ ಹೋದರೆ ಹಣ್ಣು ಎಷ್ಟಿದ್ದರೂ ಸಂಸಾರ ಇಲ್ಲ.

ಒಂದು ಜಾತಿ ಹೋದರೆ ಇನ್ನೊಂದು ಬಂದು ಆ ನೆಲೆ ತುಂಬುವುದಿಲ್ಲವೇ?

ಕೆಲವೊಮ್ಮೆ ತುಂಬುತ್ತದೆ, ಅರೆಬರೆಯಾಗಿ. ದಪ್ಪ ಬೀಜದ ಕಾಡುಹಣ್ಣನ್ನು ಇಡಿಯಾಗಿ ನುಂಗಿ, ದೂರ ಹಾರಿ ಬೀಜ ಉಗುಳುವ ಹಕ್ಕಿ ನಮ್ಮಲ್ಲಿ ಕಡಿಮೆ. ಮಂಗಟ್ಟೆಯ ಆ ಕೆಲಸವನ್ನು ಪಿಕಳಾರ ಮಾಡಲಾರದು, ಅದರ ಬಾಯಿ ಅಷ್ಟು ದೊಡ್ಡದಿಲ್ಲ. ಖಾಲಿಯಾದ ಜಾಗಕ್ಕೆ ಬರುವವರು ಹೆಚ್ಚಾಗಿ ಎಲ್ಲ ಕಡೆ ಬದುಕುವವರು: ಕಡಿದ ಕಾಡಿಗೆ ಲಂಟಾನ, ಕೆಟ್ಟ ನೀರಿಗೆ ತಿಲಾಪಿಯಾ.

ಮಕ್ಕಳಿಗೆ ಇದನ್ನು ತೋರಿಸುವುದು ಹೇಗೆ?

ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸು ಇಳಿತದ ಹೊತ್ತು ನೋಡಿಕೊಂಡು ಬಂಡೆ ಇರುವ ತೀರಕ್ಕೆ ಹೋಗಿ. ಆಗ ನೀರು ಹೆಚ್ಚು ಕೆಳಗೆ ಇಳಿಯುತ್ತದೆ. ಮೇಲಿನಿಂದ ನೀರಿನ ಅಂಚಿನವರೆಗೆ ಒಂದು ಹಗ್ಗ ಹಾಸಿ. ಪ್ರತಿ ಒಂದು ಹೆಜ್ಜೆಗೆ ನಿಂತು, ಅಲ್ಲಿ ಏನೇನಿದೆ ಎಂದು ಮಕ್ಕಳೇ ಚಿತ್ರ ಬರೆಯಲಿ. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಯಾವುದು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂಬುದು ಮುಖ್ಯ. ಆಮೇಲೆ ‘ಇದನ್ನು ಇಲ್ಲಿಗೆ ನಿಲ್ಲಿಸಿದ್ದು ಬಿಸಿಲೋ, ನೆರೆಯವನೋ, ತಿನ್ನುವವನೋ?’ ಎಂದು ಕೇಳಿ. ಅವರ ಊಹೆಗಳು ಚೆನ್ನಾಗಿರುತ್ತವೆ. ಕಾಲಿಗೆ ಚಪ್ಪಲಿ ಇರಲಿ. ಮಗುಚಿದ ಕಲ್ಲನ್ನು ಮೊದಲು ಹೇಗಿತ್ತೋ ಹಾಗೆಯೇ ಇಟ್ಟು ಬನ್ನಿ, ಅಡಿಯಲ್ಲಿದ್ದವು ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತವೆ.